ಹಳದಿ ಕಾಗದ ಕೆಂಪಾದ ವಾರ

ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ರೇಣುಕಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಅವನ ಮನೆಯ ಟಿವಿ ನಮ್ಮನೆಯದಕ್ಕಿಂತ ದೊಡ್ಡದು, ಇರಲಿ. ಅವನ ಮನೆಯ ಕಾಫಿ ನಮ್ಮನೆಯದಕ್ಕಿಂತ ರುಚಿ ಎಂದು ನನ್ನ ಹೆಂಡತಿ ವೀರಬಸಮ್ಮನೇ ಬೀದಿ ತುಂಬ ಹೇಳುತ್ತಾಳೆ, ಹೇಳಲಿ. ನನ್ನ ಮೀಸೆ ಹೋಗಿದ್ದು ಅವನಿಂದ, ಹೋಗಲಿ. ಆದರೆ ನನ್ನ ಮಾವ ಮದುವೆಯಲ್ಲಿ ನನಗೆ ಕೊಟ್ಟ ಬೆತ್ತದ ಕುರ್ಚಿಯಲ್ಲಿ ಅವನು ಕಾಲ ಮೇಲೆ ಕಾಲು ಹಾಕಿ ಕೂತು ನನ್ನ ಹೆಂಡತಿಗೇ ವಿಜ್ಞಾನ ಹೇಳುವುದು, ಅದನ್ನು ನಾನು ಚಾಪೆಯ ಮೇಲೆ ಕೂತು ಕೇಳುವುದು, ಇದನ್ನು ಯಾವ ಶಾಸ್ತ್ರವೂ ಒಪ್ಪುವುದಿಲ್ಲ.

ಕುರ್ಚಿ ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನರಸಿಂಹರಾಜಪುರದ ನಮ್ಮ ಬೀದಿಗೆ ಮೊದಲು ಟಿವಿ ಬಂದದ್ದು ನಮ್ಮನೆಗೆ. ಎಂಬತ್ತೇಳನೇ ಇಸವಿ. ಆಗ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇತ್ತು. ಬಿದಿರಿನ ಗಳುವಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬರು ಮೇಲೆ ತಿರುಗಿಸುವುದು, ಒಬ್ಬರು ಒಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು. ಭಾನುವಾರ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಬೆತ್ತದ ಕುರ್ಚಿ, ಅದರಲ್ಲಿ ನಾನು. ಟಿವಿಯಲ್ಲಿ ಬರುತ್ತಿದ್ದದ್ದು ಹಿಂದಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡದಲ್ಲಿ. ಆದರೂ ಎಲ್ಲರಿಗೂ ಅರ್ಥ ಹೇಳುತ್ತಿದ್ದವನು ನಾನೇ. ಅರ್ಥ ಹೇಳುವುದಕ್ಕೆ ಭಾಷೆ ಬೇಕಿಲ್ಲ, ಕುರ್ಚಿ ಬೇಕು.

ಆಗೊಂದು ಆಕಾಶದ ಕಥೆ ಬರುತ್ತಿತ್ತು. ಅದರಲ್ಲಿ ಬೆಳ್ಳಿ ಬಣ್ಣದ ಅಂಗಿ ತೊಟ್ಟವನೊಬ್ಬ ಅಂಗೈಯಗಲದ ಪೆಟ್ಟಿಗೆ ಹಿಡಿದು ಮಾತಾಡುತ್ತಾನೆ. ಪೆಟ್ಟಿಗೆಯೊಳಗೆ ಅವನ ತಾಯಿಯ ಮುಖ! ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ನಕ್ಕುಬಿಟ್ಟೆ.

"ಸುಳ್ಳು ಕಣ್ರೋ. ಕೈಲಿ ಹಿಡಿಯೋ ಡಬ್ಬಿ ಒಳಗೆ ಇನ್ನೊಬ್ರ ಮುಖ ಬರೋದಂದ್ರೇನು? ಹಂಗೇನಾದ್ರೂ ಆದ್ರೆ ಈ ಮೀಸೆ ಬೋಳಿಸ್ತೀನಿ."

ಆಗ ನನ್ನ ಮೀಸೆ ನೋಡಲು ಜನ ಅಂಗಡಿಗೆ ಬರುತ್ತಿದ್ದರು. ಬಾಗಿಲ ಹತ್ತಿರ ಒಂಟಿಕಾಲಲ್ಲಿ ನಿಂತಿದ್ದ ಒಬ್ಬ ಹುರುಳಿಕಡ್ಡಿ ಮನುಷ್ಯ, "ಆಗಬಹುದು ಧರ್ಮಪ್ಪಣ್ಣ" ಎಂದ. ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಲ್ಯಾಬ್ ಅಟೆಂಡರ್. ಅವನೇ ರೇಣುಕಪ್ಪ. ಅವನ ಮಾತಿಗೆ ಆ ದಿನ ಎಲ್ಲರೂ ನಕ್ಕರು. ಅವನೂ ನಕ್ಕ.

ಇಪ್ಪತ್ತೆಂಟು ವರ್ಷ ಕಳೆಯಿತು. ಒಂದು ಸಂಜೆ ಜಗಲಿಯಲ್ಲಿ ನಾನೂ ಅವನೂ ಕೂತಿದ್ದೆವು. ಬಾಳೆಹೊನ್ನೂರಿನಿಂದ ನನ್ನ ತಂಗಿ ವೀರಮ್ಮನ ಫೋನು ಬಂತು. ಹೊಸ ಫೋನು ತೆಗೆದುಕೊಂಡಿದ್ದಳು, ಎಲ್ಲೋ ಒತ್ತಿದಳು. ನೋಡಿದರೆ ನನ್ನ ಅಂಗೈಯಲ್ಲಿ ವೀರಮ್ಮನ ಮುಖ! "ಅಣ್ಣಾ, ಕಾಣ್ತಿದೀನಾ?" ಎನ್ನುತ್ತಿದ್ದಾಳೆ. ನಾನು ಫೋನನ್ನು ಸರಕ್ಕನೆ ಪಂಚೆಯೊಳಗೆ ಸೇರಿಸಿದೆ. ಅಷ್ಟರಲ್ಲಿ ಪಕ್ಕದಿಂದ ಮೆಲ್ಲಗೆ ಧ್ವನಿ ಬಂತು.

"ಧರ್ಮಪ್ಪಣ್ಣ, ಮೀಸೆ?"

ಅಷ್ಟೇ ಅಂದದ್ದು. ನಮ್ಮ ಬೀದಿಯಲ್ಲಿ ನೆನಪು ಗಟ್ಟಿ ಇರುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಮಾರನೇ ದಿನ ಬೀದಿಗೆ ಹೊರಟಾಗ ನಮ್ಮನೆ ಹಸುವೇ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಅಲ್ಲಿಂದ ಅವನಿಗೆ "ಸೈನ್ಸ್ ರೇಣುಕಪ್ಪ" ಎಂದು ಹೆಸರು ಬಿತ್ತು. ಮೂವತ್ತು ವರ್ಷ ಗಾಜಿನ ಕೊಳವೆ ತೊಳೆದವನು. ತೊಳೆಯುವಾಗ ಅದರೊಳಗಿನ ವಿದ್ಯೆ ಅಷ್ಟೋ ಇಷ್ಟೋ ಕೈಗೆ ಅಂಟಿರಬೇಕು, ನಾನು ಇಲ್ಲ ಅನ್ನುವುದಿಲ್ಲ. ನಿವೃತ್ತಿಯಾದ ಮೇಲೆ ಗೋಡೆಯಷ್ಟು ದೊಡ್ಡ ಟಿವಿ ತಂದ. ಭಾನುವಾರ ಸಂಜೆ ಆರಕ್ಕೆ 'ಆರನೇ ಚಂದ್ರ' ಎನ್ನುವ ಧಾರಾವಾಹಿ. ಎಲ್ಲಿಯದೋ ಕಥೆ, ಮಾತು ಮಾತ್ರ ಕನ್ನಡ. ಕ್ಯಾಪ್ಟನ್ ತಾರಾ ಎನ್ನುವ ಹೆಣ್ಣುಮಗಳು ಹಡಗಿನಂಥದ್ದನ್ನು ಆಕಾಶದಲ್ಲಿ ಓಡಿಸಿಕೊಂಡು ವಾರಕ್ಕೊಂದು ಗ್ರಹಕ್ಕೆ ಇಳಿಯುತ್ತಾಳೆ. ಬೀದಿಯ ಜನವೆಲ್ಲ ನಮ್ಮ ಜಗಲಿ ಬಿಟ್ಟು ಅಲ್ಲಿಗೆ. ಕೂರಲು ಕುರ್ಚಿ ಸಾಲದು ಎಂದು ವೀರಬಸಮ್ಮ ನಮ್ಮ ಬೆತ್ತದ ಕುರ್ಚಿಯನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟುಬಂದಳು.

"ರೇಣುಕಪ್ಪನೋರಿಗೆ ಸೊಂಟ ನೋವಂತೆ ಪಾಪ" ಎಂದಳು.

"ನನಗೂ ಸೊಂಟ ಇದೆ ಕಣೆ."

"ನಿಮ್ಮದು ಅಭ್ಯಾಸ ಆಗಿದೆ ಬಿಡಿ."

ಅವನ ವಿವರಣೆ ಹೇಗಿರುತ್ತಿತ್ತು ಎಂದರೆ, ತಾರಾ ಗಾಯಕ್ಕೆ ಏನೋ ಹಚ್ಚಿ ಹೊಲಿಗೆಯಿಲ್ಲದೆ ಕೂಡಿಸುತ್ತಾಳೆ, ಇವನು ತಕ್ಷಣ, "ಇದು ಬಂದಿದೆ. ಗಾಯಕ್ಕೆ ಹಚ್ಚೋ ಅಂಟು, ದೊಡ್ಡಾಸ್ಪತ್ರೆಗಳಲ್ಲಿ ಇದೆ." ತಾರಾ ಒಂದು ಹನಿ ರಕ್ತ ಡಬ್ಬಿಗೆ ಕೊಟ್ಟರೆ ಡಬ್ಬಿ ರೋಗ ಹೇಳುತ್ತದೆ, ಇವನು, "ಇದೂ ಬಂದಿದೆ. ಪುಟ್ಟಪ್ಪ, ನೀನು ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡ್ಕೊಳ್ತೀಯಲ್ಲ, ಅದರ ದೊಡ್ಡಣ್ಣ." ಬಸ್‌ಸ್ಟ್ಯಾಂಡ್ ಹೋಟೆಲಿನ ಪುಟ್ಟಪ್ಪ ತನ್ನ ಬೆರಳನ್ನು ತಾನೇ ಗೌರವದಿಂದ ನೋಡಿಕೊಳ್ಳುತ್ತಿದ್ದ. ಬಿಸಿಲಿಗೆ ಕಪ್ಪಾಗುವ ಕಿಟಕಿ ಬಂತು. "ನನ್ನ ಕನ್ನಡಕ ನೋಡಿ" ಎಂದು ತೆಗೆದು ಸುತ್ತ ತೋರಿಸಿದ. "ಟಿವಿಯೋರು ಸುಮ್ಮನೆ ಕಟ್ಟಲ್ಲ ಮಾರಾಯ್ರೆ. ಲ್ಯಾಬಲ್ಲಿ ಇವತ್ತು ಮೊಳಕೆ ಒಡೆದಿದ್ದನ್ನ ಅವರು ಮರ ಮಾಡಿ ತೋರಿಸ್ತಾರೆ, ಅಷ್ಟೆ."

"ಎಷ್ಟು ಚೆನ್ನಾಗಿ ಹೇಳ್ತಾರೆ ನೋಡಿ" ಎಂದು ವೀರಬಸಮ್ಮ ನನ್ನ ಪಕ್ಕೆಗೆ ತಿವಿದಳು. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವಳು ಬೇರೆಯವರ ಪಕ್ಕೆಗೆ ತಿವಿದವಳಲ್ಲ.

ಆ ಭಾನುವಾರ ತಾರಾ ಹೊಸ ಗ್ರಹಕ್ಕೆ ಇಳಿದಳು. ಎಲ್ಲರಿಗೂ ಬಾಯಾರಿಕೆ. ಮುಂದೆ ಕನ್ನಡಿಯಂಥ ಕೊಳ. ತಾರಾ ಒಂದು ಹಳದಿ ಕಾಗದದ ಪಟ್ಟಿ ತೆಗೆದು ನೀರಿನಲ್ಲಿ ಅದ್ದಿದಳು. ಪಟ್ಟಿ ಕೆಂಪಾಯಿತು. "ಯಾರೂ ಮುಟ್ಟಬೇಡಿ! ವಿಷ!" ಎಂದು ಕೂಗಿದಳು. ಅಲ್ಲಿಗೆ ಕಥೆ ನಿಂತಿತು, ಮುಂದಿನದು ಮುಂದಿನ ವಾರ.

"ಅದರಲ್ಲಿ ಪಾದರಸ ಇದೆ" ಎಂದ ರೇಣುಕಪ್ಪ, ನನ್ನ ಕುರ್ಚಿಯ ಕೈ ತಟ್ಟಿ. "ಬರೆದಿಟ್ಕೊಳ್ಳಿ. ಮುಂದಿನ ವಾರ ಅದನ್ನೇ ಹೇಳ್ತಾರೆ. ಮತ್ತೆ ಈ ಹಳದಿ ಕಾಗದ ಇದೆಯಲ್ಲ, ಇದೇನೂ ದೊಡ್ಡ ವಿಷಯ ಅಲ್ಲ. ಕಾಗದಕ್ಕೆ ಅರಿಶಿನ ಹಚ್ಚಿ ಒಣಗಿಸಿದ್ರೆ ಮನೇಲೇ ಆಗುತ್ತೆ. ಆದ್ರೆ ಒಂದು ವಿಷಯ—"

ಆ ಒಂದು ವಿಷಯ ಕೇಳಲು ನಾನು ಕೂರಲಿಲ್ಲ. ವೀರಬಸಮ್ಮ ಆಗಲೇ ನನ್ನ ಪಕ್ಕೆಗೆ ಮೊಣಕೈ ಎತ್ತಿದ್ದಳು. ಎದ್ದು ಮನೆಗೆ ಬಂದೆ. ಕಾಗದ ಅವನ ಮನೆಯಲ್ಲೇ ಆಗಬೇಕು ಎಂದೇನೂ ಇಲ್ಲವಲ್ಲ!

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಅರಿಶಿನದ ಡಬ್ಬಿ ಖಾಲಿಯಾಯಿತು. ಕಾಗದವನ್ನು ಪಟ್ಟಿ ಪಟ್ಟಿ ಕತ್ತರಿಸಿ, ನೆನೆಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿತ್ತಲು ಮದುವೆ ಮನೆಯಂತೆ ಕಾಣುತ್ತಿತ್ತು. ಮಂಗಳವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಇನ್ನೂ ಹನಿ ನೀರು ಬಾಯಿಗೆ ಹಾಕದೆ ನಮ್ಮ ಬಾವಿಯ ನೀರನ್ನು ಪರೀಕ್ಷಿಸಿದೆ. ಪಟ್ಟಿ ಹಳದಿಯಾಗಿಯೇ ಇತ್ತು. ಅಪ್ಪನ ಕಾಲದ ಬಾವಿ, ಅನುಮಾನ ನನಗೇನೂ ಇರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ, ಎಲೆ ಮಡಚಿ ಬಾಯಿಗಿಟ್ಟು, ಬೆರಳನ್ನು ಕಂಬಕ್ಕೆ ಒರೆಸಿ ಹೊರಟೆ. ಊಟವಾದ ಮೇಲೆ ಎಲೆಅಡಿಕೆ ಇಲ್ಲದೆ ನನ್ನ ಕಾಲು ಹೊಸಿಲು ದಾಟುವುದಿಲ್ಲ. ಒಳಗಿನಿಂದ ವೀರಬಸಮ್ಮ, "ಮತ್ತೆ ಕಂಬಕ್ಕೆ ಸುಣ್ಣ ಒರೆಸಿದ್ರಾ? ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದು" ಎಂದು ಕೂಗಿದಳು. ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆ ತಿರುಗಿ ನೋಡಬಾರದು.

ರೇಣುಕಪ್ಪನ ಮನೆ ಹಿಂದೆ ಬಾವಿ. ಪಕ್ಕದಲ್ಲಿ ತುಂಬಿದ ಕೊಡ. ಅವನು ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದ. ನಾನು ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ನೀರಲ್ಲಿ ಅದ್ದಿ, ಚೆನ್ನಾಗಿ ನೆನೆಯಲಿ ಎಂದು ಎರಡು ಸಲ ತಿಕ್ಕಿದೆ.

ಕೆಂಪು!

ನನಗೆ ಸಂತೋಷವಾಯಿತು ಅಂತ ಯಾರೂ ತಿಳಿಯಬಾರದು. ನೆರೆಮನೆಯ ನೀರಲ್ಲಿ ವಿಷ ಕಂಡು ಸಂತೋಷಪಡುವವನು ಮನುಷ್ಯನೇ ಅಲ್ಲ. ಮನಸ್ಸು ಸ್ವಲ್ಪ ಹಗುರವಾಯಿತು, ಅಷ್ಟೆ. ಬೇಲಿಯನ್ನು ಸುತ್ತಿ ಬರುವ ಬದಲು ಹಾರಿ ಬಂದೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ.

"ಇವತ್ತಿನಿಂದ ಆ ಮನೆ ಕಾಫಿ ಬೇಡ" ಎಂದೆ.

"ಯಾಕಂತೆ? ನಿನ್ನೆ ಎರಡು ಲೋಟ ಕುಡ್ದು ಬಂದಿದೀನಿ. ಸತ್ತಿದೀನಾ?"

"ಇದು ನಿಧಾನದ ವಿಷ ಕಣೆ. ನೋಡು, ಕೆಂಪು."

ಅವಳು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇದು ಅರಿಶಿನ ಅಲ್ವಾ? ಅರಿಶಿನ ಕೆಂಪಾಗೋದು—"

"ಒಗ್ಗರಣೆ ಹಾಕೋರಿಗೆ ವಿಜ್ಞಾನ ತಿಳಿಯಲ್ಲ, ಸುಮ್ಮನಿರು."

ಅವಳು ಸುಮ್ಮನಾದಳು. ಆ ಸುಮ್ಮನಾಗುವುದು ಒಳ್ಳೆಯ ಲಕ್ಷಣ ಅಲ್ಲ ಎಂದು ನಲವತ್ತೈದು ವರ್ಷದ ಅನುಭವಸ್ಥನಾದ ನನಗೆ ಹೊಳೆಯಬೇಕಿತ್ತು.

ನಾನು ಹೇಳಿದ್ದು ಪುಟ್ಟಪ್ಪ ಒಬ್ಬನಿಗೇ, ಅದೂ ಯಾರಿಗೂ ಹೇಳಬೇಡ ಎಂದು. ಅವನ ಹೋಟೆಲಿಗೆ ದಿನಕ್ಕೆ ಇನ್ನೂರು ಜನ ಬರುತ್ತಾರೆ. ಸಂಜೆಯೊಳಗೆ ರೇಣುಕಪ್ಪನ ಬಾವಿಯ ಸುದ್ದಿ ಮುತ್ತಿನಕೊಪ್ಪ ದಾಟಿತ್ತು. ಬುಧವಾರ ಬೆಳಿಗ್ಗೆ ಪುಟ್ಟಪ್ಪ ತನ್ನ ಹೋಟೆಲಿನ ಜಗ್ಗು ಹಿಡಿದು ನಮ್ಮ ಜಗಲಿಗೇ ಬಂದ. ಜೊತೆಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟ ತಟ್ಟೆ.

"ಬರಿಗೈಲಿ ಬರಬಾರದು ನೋಡು ಧರ್ಮಪ್ಪಣ್ಣ, ದೊಡ್ಡೋರ ಹತ್ರ. ಮೊದಲು ಎಲೆ ಹಾಕು, ಆಮೇಲೆ ನೋಡು."

ಎಲೆ ಹಾಕಿದೆ. ನೋಡಿದೆ. ಕೆಂಪು.

ಪುಟ್ಟಪ್ಪ ಕಂಬ ಹಿಡಿದುಕೊಂಡ. "ನಾನು ಇಪ್ಪತ್ತು ವರ್ಷದಿಂದ ಇದೇ ನೀರಲ್ಲಿ ಇಡ್ಲಿ ಮಾಡಿದೀನಿ ಮಾರಾಯ! ಊರಿಗೆ ಊರೇ ತಿಂದಿದೆ!"

"ಅದಕ್ಕೇ ಊರು ಹಿಂಗಿರೋದು" ಎಂದೆ ಗಂಭೀರವಾಗಿ.

ಆಮೇಲೆ ನಮ್ಮ ಜಗಲಿಗೆ ಹಳೇ ಕಾಲ ವಾಪಸ್ಸು ಬಂತು. ಜನವೋ ಜನ. ತಂಬಿಗೆ, ಬಿಂದಿಗೆ, ಫ್ಲಾಸ್ಕು, ಒಬ್ಬಳು ಮಗುವಿನ ಹಾಲಿನ ಬಾಟಲಿಯಲ್ಲೇ ತಂದಿದ್ದಳು. ಒಬ್ಬೊಬ್ಬರ ಕೈಯಲ್ಲೂ ಒಂದು ತಾಂಬೂಲ. ಕೊಟ್ಟಿದ್ದನ್ನು ಬೇಡ ಎಂದರೆ ಅವರ ಮನಸ್ಸಿಗೆ ಬೇಜಾರು. ಒಂದೊಂದು ನೀರಿಗೂ ಒಂದೊಂದು ಎಲೆ. ಅವತ್ತು ನೋಡಿದ ಹದಿನೇಳು ನೀರೂ ಕೆಂಪು. ತುಟಿಯೂ ಕೆಂಪು. ನಾಲಿಗೆ ಸುಟ್ಟು ಸಾರಿನ ರುಚಿಯೇ ತಿಳಿಯದ ಹಾಗಾಯಿತು. ವಿಜ್ಞಾನಿಗಳ ಕಷ್ಟ ಜನರಿಗೆ ಗೊತ್ತಾಗುವುದಿಲ್ಲ.

ರೇಣುಕಪ್ಪ ಒಮ್ಮೆ ಬೇಲಿಯ ಆಚೆಯಿಂದ ಹೇಳಿದ, "ಧರ್ಮಪ್ಪಣ್ಣ, ಕೆಂಪಾದ್ರೆ ವಿಷ ಅಂತಲ್ಲ ಮಾರಾಯ. ನೀರಲ್ಲಿ ಕ್ಷಾರ ಇದೆ ಅಂತ. ಅದನ್ನೇ ಅವತ್ತು ಹೇಳೋಕೆ ಹೊರಟಿದ್ದೆ, ನೀನು ಎದ್ದು ಹೋದೆ."

ಜನ ಅವನ ಕಡೆ ಕನಿಕರದಿಂದ ನೋಡಿದರು. "ಪಾಪ, ಅವರದ್ದೇ ಬಾವಿ ಅಲ್ವಾ. ಇನ್ನೆಂತ ಹೇಳ್ತಾರೆ?" ಎಂದಳು ಮಗುವಿನ ಬಾಟಲಿಯವಳು. ರೇಣುಕಪ್ಪ ಒಳಗೆ ಹೋದ. ಅವನ ಬೆನ್ನು ನೋಡಿ ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸುವುದು ಇಷ್ಟು ಹಿತವಾಗಿರುತ್ತದೆ ಎಂದು ಅದುವರೆಗೆ ಗೊತ್ತಿರಲಿಲ್ಲ.

ಗುರುವಾರದಿಂದ ಬಸ್ಸಿನಲ್ಲಿ ನೀರು ಬರಲು ಶುರುವಾಯಿತು. ಬಾಳೆಹೊನ್ನೂರಿನಿಂದ ವೀರಮ್ಮ ಮೊದಲು ಕಳಿಸಿದಳು. ಮತ್ತೆ ಮುಖ ತೋರಿಸಿಕೊಂಡು ಫೋನು ಮಾಡಿ, "ಅಣ್ಣಾ, ನಮ್ಮನೆ ನೀರು ಚೆನ್ನಾಗಿದೆ ಅಂತ ಹೇಳಿಬಿಡು. ನಮ್ಮ ಓರಗಿತ್ತಿ ಮನೇದು ಮಾತ್ರ ಸರಿಯಾಗಿ ನೋಡು" ಎಂದಳು. ನಾವು ಒಂದೇ ತಾಯಿಯ ಮಕ್ಕಳು ಎಂದು ಅವತ್ತು ಖಾತ್ರಿಯಾಯಿತು. ಎರಡೂ ಕೆಂಪಾದವು. ಅವಳು ನನ್ನ ಜೊತೆ ಮಾತು ಬಿಟ್ಟಳು. ಕೊಪ್ಪದ ಬಸ್ಸಿನಲ್ಲಿ ನಾಲ್ಕು ಬಾಟಲಿ, ಶೃಂಗೇರಿ ಬಸ್ಸಿನಲ್ಲಿ ಆರು. ಮೆಣಸೆಯದು ಕೆಂಪು. ಕೆರೆಕಟ್ಟೆಯ ಕಾಡಿನ ಝರಿಯದು ಕೆಂಪು. ಕಿಗ್ಗದಿಂದ ಒಬ್ಬರು ತಾಮ್ರದ ಚೊಂಬಿನ ಬಾಯಿಗೆ ಬಾಳೆಲೆ ಕಟ್ಟಿ ಭಕ್ತಿಯಿಂದ ಕಳಿಸಿದ್ದರು. ಮಳೆ ಬೇಕಾದರೂ ನಿಲ್ಲಬೇಕಾದರೂ ಜನ ಹರಕೆ ಹೊರುವ ಊರು, ಅಲ್ಲಿಯದೂ ಕೆಂಪೇ. ಶೃಂಗೇರಿ ಬಸ್ಸಿನ ಕಂಡಕ್ಟರು ಬಾಟಲಿಗಳನ್ನು ಕೆಳಗಿಳಿಸುತ್ತಾ, "ಅಜ್ಜಾರೆ, ಒಂದಾದ್ರೂ ಪಾಸ್ ಮಾಡಿ. ನಾವೂ ಬದುಕಬೇಕಲ್ಲ" ಎಂದ.

ಶುಕ್ರವಾರ ಹೆಲ್ತ್ ಇನ್ಸ್‌ಪೆಕ್ಟರ್ ವಿವೇಕ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಬೈಕಿನಿಂದ ಇಳಿಯುವಾಗಲೇ ಜೋರು.

"ನೀವೇನಾ ಧರ್ಮಪ್ಪ ಅಂದ್ರೆ? ಯಾರು ನಿಮಗೆ ಪರ್ಮಿಷನ್ ಕೊಟ್ಟಿದ್ದು? ಮೂರು ದಿನದಿಂದ ಆಫೀಸಿಗೆ ನೂರಿಪ್ಪತ್ತು ಫೋನ್ ಬಂದಿದೆ. ನೀರು ಟೆಸ್ಟ್ ಮಾಡೋದಕ್ಕೆ ಲ್ಯಾಬ್ ಇದೆ, ರಿಪೋರ್ಟ್ ಇದೆ, ಒಂದು ಕ್ರಮ ಇದೆ."

"ಕೂತ್ಕೊಳ್ಳಿ ಸಾರ್. ಎಲೆ ಹಾಕ್ತೀರಾ?"

"ನಾನು ಹಾಕಲ್ಲ."

"ಹಂಗಾದ್ರೆ ನಾನೇ ಹಾಕ್ತೀನಿ." ಹಾಕಿದೆ. "ನೀವು ಯಾವ ನೀರು ಕುಡಿಯೋದು ಸಾರ್?"

ಅವನು ಜಂಬದಿಂದ ಬೈಕಿನ ಚೀಲದಿಂದ ಬಾಟಲಿ ತೆಗೆದ. "ಬರೀ ಕ್ಯಾನ್ ನೀರು. ಇದು ನೂರಕ್ಕೆ ನೂರು ಶುದ್ಧ. ಬೇಕಾದ್ರೆ ನೋಡಿ."

ನೋಡಿದೆ. ಕಾಗದ ಮೆಲ್ಲಗೆ, ಅಂಚಿನಿಂದ ಶುರುವಾಗಿ, ಕೆಂಪಾಯಿತು. ವಿವೇಕನ ಮುಖ ಬೆಳ್ಳಗಾಯಿತು. ಒಂದು ಬಿಕ್ಕಳಿಕೆ ಬಂತು. ಇನ್ನೊಂದು ಬಂತು. "ನೀರು ಕೊಡಿ" ಅನ್ನಲು ಬಾಯಿ ತೆರೆದವನು, ಹಾಗೇ ಮುಚ್ಚಿದ. ಯಾವ ನೀರನ್ನು ಕೇಳುವುದು? ಹತ್ತು ನಿಮಿಷ ಬಿಕ್ಕಳಿಸುತ್ತಾ ಕೂತಿದ್ದು, ಕೊನೆಗೆ ನಮ್ಮ ಬಾವಿಯದನ್ನೇ ಎರಡು ತಂಬಿಗೆ ಕುಡಿದ. ಊರಿಗೆ ಊರೇ ಕೆಂಪಾದಾಗ ಹಳದಿಯಾಗಿ ಉಳಿದದ್ದು ಅದೊಂದೇ ಎಂದು ಪುಟ್ಟಪ್ಪ ಸಾಕ್ಷಿ ಹೇಳಿದ. ಮಂಗಳವಾರದ ಆ ಹಳದಿ ಪಟ್ಟಿಯನ್ನು ನಾನು ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ನೇತುಹಾಕಿದ್ದೆ.

ಅವತ್ತೇ ತೀರ್ಮಾನವಾಯಿತು. ಶನಿವಾರ ಸಂಜೆ ನಾಲ್ಕಕ್ಕೆ ರೇಣುಕಪ್ಪನ ಅಂಗಳದಲ್ಲಿ ಎಲ್ಲರ ಎದುರು ಅವನ ಬಾವಿಯ ಪರೀಕ್ಷೆ. ಕೆಂಪಾದರೆ ಬಾವಿ ಮುಚ್ಚುವುದು, ಭಾನುವಾರದ 'ಆರನೇ ಚಂದ್ರ' ಇನ್ನು ಮುಂದೆ ನಮ್ಮ ಜಗಲಿಯಲ್ಲಿ, ಮತ್ತು ಬೆತ್ತದ ಕುರ್ಚಿ ವಾಪಸ್ಸು. ಕುರ್ಚಿಯ ವಿಷಯ ನಾನು ಹೇಳಲಿಲ್ಲ. ಪುಟ್ಟಪ್ಪ ಹೇಳಿದ. ಹೇಳು ಎಂದು ನಾನು ಅವನಿಗೆ ಹೇಳಿದ್ದೆ.

ಶನಿವಾರ ಅಂಗಳ ತುಂಬಿತ್ತು. ರೇಣುಕಪ್ಪ ಕಂಬಕ್ಕೊರಗಿ ನಿಂತಿದ್ದ. ನಾಲ್ಕು ದಿನದಿಂದ ಅವನ ಮನೆಗೆ ಯಾರೂ ಕಾಲಿಟ್ಟಿರಲಿಲ್ಲವಂತೆ. ಕುರ್ಚಿಯನ್ನು ಆಗಲೇ ಒರೆಸಿ ಹೊರಗೆ ತಂದು ಇಟ್ಟಿದ್ದ. ಅದನ್ನು ನೋಡಿ ನನ್ನ ಎದೆ ತುಂಬಿ ಬಂತು, ಕುರ್ಚಿಯನ್ನು ನೋಡಿ.

ಎಲೆ ಹಾಕಿಕೊಂಡು, ಪಟ್ಟಿ ತೆಗೆದು, ಎಲ್ಲರಿಗೂ ಹಳದಿ ತೋರಿಸಿ, ಕೊಡದೊಳಗೆ ಅದ್ದಿ ತಿಕ್ಕಿ ಎತ್ತಿದೆ. ಕೆಂಪು. "ಅಯ್ಯೋ ದೇವರೇ" ಎಂದರು ಜನ. ನಾನು ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟೆ.

"ಒಂದು ನಿಮಿಷ ದೊಡ್ಡಪ್ಪ."

ರೇಣುಕಪ್ಪನ ಮಗಳು ಕೃತಿಕಾ. ಕೊಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ, ವಾರಕ್ಕೊಮ್ಮೆ ಬರುತ್ತಾಳೆ. ಬಸ್ಸಿನಿಂದ ಇಳಿದು ಚೀಲ ಇನ್ನೂ ಹೆಗಲಲ್ಲೇ ಇತ್ತು. "ನನಗೊಂದು ಪಟ್ಟಿ ಕೊಡಿ" ಎಂದಳು. ತುದಿ ಹಿಡಿದು ಅದೇ ಕೊಡದಲ್ಲಿ ಅದ್ದಿದಳು. ಹಳದಿ! ತಿರುಗಿಸಿ ಮುರುಗಿಸಿ ನೋಡಿದೆವು. ಹಳದಿಯೇ.

"ನೀನು ಹಾಕಿದ್ರೆ ಹಳದಿ, ನಾನು ಹಾಕಿದ್ರೆ ಕೆಂಪು" ಎಂದೆ. "ಮನೆಯವರು ಯಾರು, ಹೊರಗಿನವರು ಯಾರು ಅಂತ ಈ ವಿಷಕ್ಕೆ ಗೊತ್ತಿದೆ."

"ಇರಬಹುದು. ಈಗ ನಿಮ್ಮ ಬಾವಿ ನೀರು ತರಿಸಿ, ನೀವೇ ನೋಡಿ ದೊಡ್ಡಪ್ಪ."

ತರಿಸಿದರು. ಅದ್ದಿದೆ. ಕೆಂಪು. ಇನ್ನೊಂದು ಪಟ್ಟಿ ಅದ್ದಿದೆ. ಇನ್ನೂ ಚೆನ್ನಾದ ಕೆಂಪು.

"ಧರ್ಮಪ್ಪಣ್ಣನ ಬಾವೀಲೇ ವಿಷ!" ಎಂದು ಯಾರೋ ಚೀರಿದರು. ನಿನ್ನೆ ಎರಡು ತಂಬಿಗೆ ಕುಡಿದಿದ್ದ ವಿವೇಕನಿಗೆ ಬಿಕ್ಕಳಿಕೆ ಮತ್ತೆ ಶುರುವಾಯಿತು.

ಕೃತಿಕಾ ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು. ಹೆಬ್ಬೆರಳ ಮೇಲೆ ಬೆಳ್ಳಗೆ, ಉಗುರಿನ ಸಂದಿಯಲ್ಲಿ ಬೆಳ್ಳಗೆ, ಐವತ್ತು ವರ್ಷದ ಸುಣ್ಣ. ಒಂದು ಹಳದಿ ಕಾಗದಕ್ಕೆ ನೀರು ಚಿಮುಕಿಸಿ, "ಇಲ್ಲಿ ಒತ್ತಿ" ಎಂದಳು. ಒತ್ತಿದೆ. ಗೆರೆ ಗೆರೆಯಾಗಿ, ಅಚ್ಚುಕಟ್ಟಾಗಿ, ಕೆಂಪು ಹೆಬ್ಬೆಟ್ಟು ಮೂಡಿತು.

ನಾನು ನಾಲ್ಕನೇ ಕ್ಲಾಸು ಓದಿದವನು. ಬಟ್ಟೆ ಅಂಗಡಿ ನಡೆಸುವಾಗಲೂ, ಪಿಂಚಣಿಯ ಕಾಗದಕ್ಕೂ ಸಹಿ ಹಾಕಿದ್ದೇನೆಯೇ ಹೊರತು ಹೆಬ್ಬೆಟ್ಟು ಒತ್ತಿದವನಲ್ಲ. ಅವತ್ತು ಊರ ಮುಂದೆ ಒತ್ತಿದೆ.

ಮೊದಲು ಮಾತಾಡಿದವಳು ವೀರಬಸಮ್ಮ. ಮಂಗಳವಾರದಿಂದ ಸುಮ್ಮನಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಮದುವೇಲಿ ನಿಮ್ಮ ಮುಖದ ಮುಂದೆ ನಿವಾಳಿಸಿದ ಆರತಿ ತಟ್ಟೇಲಿ ಏನಿತ್ತು ಅಂತ ಮಾಡಿದೀರಿ? ಅರಿಶಿನದ ನೀರು, ಒಂದು ಚಿಟಿಕೆ ಸುಣ್ಣ. ಕೆಂಪಗಿರಲಿಲ್ವಾ? ಅವತ್ತೇ ವಿಷ ಅಂತ ಕೂಗಿ ಎದ್ದು ಹೋಗಿದ್ರೆ ನಾನಾದ್ರೂ ಬದುಕ್ಕೊಳ್ತಿದ್ದೆ!"

ಜನ ನಕ್ಕ ನಗೆಗೆ ಬಾವಿ ಕಟ್ಟೆಯ ಮೇಲಿನ ಕಾಗೆ ಹಾರಿಹೋಯಿತು. ವಿವೇಕ ನಗುತ್ತಾ ಬಿಕ್ಕಳಿಸಿದ. "ಹೇಳೋಕೆ ಬಂದೆ ಮಂಗಳವಾರ" ಎಂದಳು ಅವಳು, "ಒಗ್ಗರಣೆ ಹಾಕೋರಿಗೆ ತಿಳಿಯಲ್ಲ ಅಂದ್ರಿ." ಪುಟ್ಟಪ್ಪ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಒಳಗೆ, ಟಿವಿಯ ಪಕ್ಕದಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟ. ರೇಣುಕಪ್ಪ ನನ್ನನ್ನು ನೋಡಿ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. "ಕಾಫಿ ಕುಡಿದು ಹೋಗು ಧರ್ಮಪ್ಪಣ್ಣ" ಎಂದ. ಅಂಥ ಒಳ್ಳೆಯ ಮನುಷ್ಯನ ಪಕ್ಕದ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಭಾನುವಾರ ನಾನು ಹೋಗುವುದಿಲ್ಲ ಎಂದೆ. ವೀರಬಸಮ್ಮ ಕೇಳಲಿಲ್ಲ. "ಬರ್ಲಿಲ್ಲ ಅಂದ್ರೆ ಇನ್ನೂ ನಗ್ತಾರೆ, ಬನ್ನಿ" ಎಂದು ಎಳೆದುಕೊಂಡು ಹೋದಳು. ನಾನು ಬಾಗಿಲ ಹತ್ತಿರ, ಎಂಬತ್ತೇಳರಲ್ಲಿ ಅವನು ನಿಂತಿದ್ದಂತೆ, ಒಂಟಿಕಾಲಲ್ಲಿ ನಿಂತೆ.

"ನೋಡ್ತಿರಿ, ಪಾದರಸ" ಎಂದ ರೇಣುಕಪ್ಪ ಕುರ್ಚಿಯಿಂದ. "ಈಗ ಹೇಳ್ತಾರೆ."

ಟಿವಿಯಲ್ಲಿ ಎಲ್ಲರಿಗೂ ತುಟಿ ಒಣಗಿದೆ. ಇಬ್ಬರು ಬಿದ್ದೇಬಿಟ್ಟಿದ್ದಾರೆ. ತಾರಾ ಕೊನೆಯ ಪಟ್ಟಿ ತೆಗೆದಳು. ಕೈಗವಸು ಬಿಚ್ಚಿದಳು, ಬರಿಗೈಯಲ್ಲಿ ಹಿಡಿದಳು, ಅದ್ದಿದಳು. ಹಳದಿ! ಅವಳು ಕೈಗವಸನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಬೆರಳ ತುದಿಯಲ್ಲಿ ಬೆಳ್ಳನೆಯ ಪುಡಿ. "ವಿಷ ನೀರಿನಲ್ಲಿ ಇರಲೇ ಇಲ್ಲ" ಎಂದಳು ತಾರಾ. "ಕಾಗದ ಕೆಂಪಾಗಿದ್ದು ನನ್ನ ಕೈಯಿಂದ."

ಪುಟ್ಟಪ್ಪ ಎದ್ದು ನಿಂತು ಕೂಗಿದ.

"ಎಲಾ ಇವಳಾ! ಇದು ನಮ್ಮ ಧರ್ಮಪ್ಪಣ್ಣಂದಲ್ವನಾ! ನಿನ್ನೆಯೇ ಮಾಡಿ ತೋರಿಸಿದ್ರಲ್ಲ ಅಂಗಳದಲ್ಲಿ!"

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಕೃತಿಕಾ ನಗು ತಡೆಯುತ್ತಾ, "ನಿಜ ದೊಡ್ಡಪ್ಪ. ಪರೀಕ್ಷೆ ಮಾಡೋರ ಕೈಯಿಂದಲೇ ಪರೀಕ್ಷೆ ಕೆಡೋದು, ಇದು ದೊಡ್ಡ ದೊಡ್ಡ ಲ್ಯಾಬ್‌ಗಳಲ್ಲೂ ಆಗುತ್ತೆ. ನಮ್ಮ ಹುಡುಗರಿಗೆ ಇದನ್ನ ಕಲಿಸೋಕೆ ನನಗೆ ಒಂದು ವರ್ಷ ಬೇಕು" ಎಂದಳು.

"ರೇಣುಕಪ್ಪನೋರು ಪಾದರಸ ಅಂದಿದ್ರು" ಎಂದು ಯಾರೋ ಹಿಂದಿನಿಂದ ನೆನಪಿಸಿದರು. ಅದು ನಾನೇ ಇರಬಹುದು, ಧ್ವನಿ ಸ್ವಲ್ಪ ಬದಲಿಸಿಕೊಂಡು.

ನಾನು ಗಂಟಲು ಸರಿಮಾಡಿಕೊಂಡೆ. "ಟಿವಿಯೋರು ಸುಮ್ಮನೆ ಕಟ್ಟಲ್ಲ" ಎಂದೆ ನಿಧಾನವಾಗಿ. "ನಿಜವಾಗಿ ಆಗಿದ್ದನ್ನೇ ಆಮೇಲೆ ಅವರು ತೋರಿಸ್ತಾರೆ. ಈ ಸಲ ಒಂದೇ ದಿನ ತಡ ಮಾಡಿದ್ರು."

ವೀರಬಸಮ್ಮ ಪಕ್ಕದವಳ ಪಕ್ಕೆಗೆ ತಿವಿದಳು. ಕಣ್ಣಾರೆ ನೋಡಿದೆ.

ಪುಟ್ಟಪ್ಪ ಬಂದು ನನ್ನ ತೋಳು ಹಿಡಿದ. ರೇಣುಕಪ್ಪ ಕುರ್ಚಿಯಿಂದ ಎದ್ದ, ಏಳದೆ ವಿಧಿಯಿರಲಿಲ್ಲ. ನಾನು ಕೂತೆ. ಬೆತ್ತ ಕಿರ್ ಎಂದಿತು, ಗುರುತು ಹಿಡಿದವರ ಹಾಗೆ. ಕಾಫಿಯ ಮೊದಲ ಲೋಟ ನನಗೆ ಬಂತು. ಒಪ್ಪಿಕೊಳ್ಳಬೇಕು, ಆ ಬಾವಿಯ ನೀರು ಚೆನ್ನಾಗಿದೆ. ಒಂದು ಗುಟುಕು ಕುಡಿದು ಕೆಳಗೆ ನೋಡಿದೆ. ರೇಣುಕಪ್ಪ ಚಾಪೆಯ ಮೇಲೆ, ನಾನು ಕೂರುತ್ತಿದ್ದ ಮೂಲೆಯಲ್ಲೇ ಕೂತು, ಕುರ್ಚಿಯ ಕಾಲನ್ನೇ ನೋಡುತ್ತಿದ್ದ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಮೀಸೆ ಇದ್ದ ಜಾಗವನ್ನು ಬೋಳಿಸುವಾಗ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಅದೇ ಮುಖ.

"ಎಲೆ ಹಾಕ್ತೀಯೇನೋ ರೇಣುಕಪ್ಪ?" ಎಂದು ಕೇಳಿದೆ.

ಅವನು ಕೈ ಚಾಚಿದ. ಸುಣ್ಣ ನಾನೇ ಹಚ್ಚಿ ಕೊಟ್ಟೆ.